ಹಳೆಯ ವಸತಿ ಶಾಲೆಯಲ್ಲಿ ಮಕ್ಕಳಿಗೊಂದು ಹೊಸ ಪಡಸಾಲೆ: ವಿದ್ಯಾರ್ಥಿ ಕೇಂದ್ರ ಕಟ್ಟುವ ಬಗೆ

ನೂರು ವರ್ಷ ದಾಟಿದ ವಸತಿ ಶಾಲೆಗಳು ಕರ್ನಾಟಕದಲ್ಲಿ ಸಾಕಷ್ಟಿವೆ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಶುರುವಾದದ್ದು 1865ರಲ್ಲಿ. ತುಮಕೂರು ಬಳಿಯ ಸಿದ್ಧಗಂಗಾ ಮಠದ ಸಂಸ್ಕೃತ ಪಾಠಶಾಲೆ 1917ರದು. ಮಿಷನ್‌ಗಳು, ಮಠಗಳು, ಸಮುದಾಯ ಸಂಘಗಳು ಕಟ್ಟಿಸಿದ ಶಾಲೆಗಳೂ ನಿಲಯಗಳೂ ಧಾರವಾಡದಿಂದ ಮೈಸೂರಿನವರೆಗೆ ಇವೆ. ಎತ್ತರದ ಕಟ್ಟೆ, ಉದ್ದನೆಯ ಜಗಲಿ, ಮಂಗಳೂರು ಹೆಂಚು, ನಡುವೆ ಅಂಗಳ, ಒಂದು ಬಾವಿ, ನಾಲ್ಕು ದೊಡ್ಡ ಮರ. ಕಟ್ಟಿದವರು ಪಾಠಕ್ಕೆ, ಪ್ರಾರ್ಥನೆಗೆ, ಊಟಕ್ಕೆ, ನಿದ್ದೆಗೆ ಜಾಗ ಮಾಡಿದರು. ಗಂಟೆ ಹೊಡೆಯದ ಹೊತ್ತಿಗೆ ಜಾಗ ಮಾಡಲಿಲ್ಲ.

ಆ ಹೊತ್ತು ಚಿಕ್ಕದಲ್ಲ. ಸಂಜೆಯ ಆಟ ಮುಗಿದು ರಾತ್ರಿಯ ಓದಿಗೆ ಕೂರುವವರೆಗಿನ ಸಮಯ, ಭಾನುವಾರದ ಮಧ್ಯಾಹ್ನ, ಮಳೆ ಹಿಡಿದು ಮೈದಾನ ಕೆಸರಾದ ದಿನಗಳು. ಊರಿಂದ ಬುತ್ತಿ ಕಟ್ಟಿಕೊಂಡು ಬಂದ ತಂದೆತಾಯಿ ಮಗುವಿನ ಜೊತೆ ಕೂರುವುದು ಗೇಟಿನ ಪಕ್ಕದ ಮೋರಿಕಟ್ಟೆಯ ಮೇಲೆ. ವರ್ಷದ ಹತ್ತು ತಿಂಗಳು ಶಾಲೆಯೇ ಮನೆಯಾದ ಮಕ್ಕಳಿಗೆ ಅಲ್ಲಿ ಪಡಸಾಲೆಯೇ ಇಲ್ಲ.

ಈಗ ಹಳೆ ವಿದ್ಯಾರ್ಥಿಗಳ ಸಂಘಗಳು ಹಣ ಕೂಡಿಸಿ ವಿದ್ಯಾರ್ಥಿ ಕೇಂದ್ರ ಕಟ್ಟಿಸಿಕೊಡಲು ಮುಂದೆ ಬರುತ್ತಿವೆ. ಒಳ್ಳೆಯ ಮನಸ್ಸಿನ ಕೆಲಸ. ಆದರೆ ಹಣ ಬಂದ ಕೂಡಲೇ ಗಾಜಿನ ಮುಖದ ಮೂರು ಅಂತಸ್ತಿನ ಕಟ್ಟಡದ ಚಿತ್ರವೊಂದು ಮೇಜಿನ ಮೇಲೆ ಬಂದು ಕೂರುತ್ತದೆ. ಅಂಥ ಕಟ್ಟಡ ಹಳೆಯ ಆವರಣವನ್ನು ಕುಗ್ಗಿಸುತ್ತದೆ, ಬೇಸಿಗೆಯಲ್ಲಿ ಕಾಯುತ್ತದೆ, ಐದನೇ ವರ್ಷಕ್ಕೆ ಅದರ ರಿಪೇರಿಗೆ ಶಾಲೆಯ ಬಳಿ ಹಣವೂ ಇರುವುದಿಲ್ಲ, ಊರಲ್ಲಿ ಜನವೂ ಇರುವುದಿಲ್ಲ. ಚಿಕ್ಕದಾಗಿ ಕಟ್ಟಿ, ನೆರಳಾಗಿ ಕಟ್ಟಿ, ಊರಿನ ಮೇಸ್ತ್ರಿ ಕೈಯಲ್ಲಿ ರಿಪೇರಿಯಾಗುವಂತೆ ಕಟ್ಟಿ ಎಂಬುದೇ ಈ ಲೇಖನದ ಒತ್ತಾಯ. ಲೆಕ್ಕಗಳಿಗೆ ಧಾರವಾಡ ಸೀಮೆಯ ಹವೆಯನ್ನೂ ಮುನ್ನೂರು ಮಕ್ಕಳು ಉಳಿದು ಓದುವ ಶಾಲೆಯನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲು: ಕಟ್ಟಲೇಬೇಕೇ?

ಆವರಣದ ಪ್ರತಿ ಕೋಣೆಯ ಬಾಗಿಲು ತೆರೆಸಿ ನೋಡಿ. ಹಳೆಯ ಶಾಲೆಗಳಲ್ಲಿ ಒಂದಾದರೂ ಕಟ್ಟಡ ಮುರಿದ ಬೆಂಚು, ಹಳೆಯ ಟ್ರಂಕು, ಪರೀಕ್ಷೆಯ ಕಾಗದದ ಮೂಟೆ ತುಂಬಿಕೊಂಡು ಸುಮ್ಮನೆ ನಿಂತಿರುತ್ತದೆ. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಖಾಲಿಯಾದ ಅಡುಗೆಮನೆ, ಹಳೆಯ ಊಟದ ಹಜಾರ, ಉಗ್ರಾಣ ಇವೆಲ್ಲ ಒಳ್ಳೆಯ ವಿದ್ಯಾರ್ಥಿ ಕೇಂದ್ರವಾಗಬಲ್ಲವು. ಧಾರವಾಡದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ರೈಲಿನ ಲೆಕ್ಕಪತ್ರ ಇಡಲು ಕಟ್ಟಿದ ಗೋಡೆಗಳು ತಲೆಮಾರುಗಟ್ಟಲೆ ವಿದ್ಯಾರ್ಥಿಗಳನ್ನು ಓದಿಸಿವೆ. ನಿಂತಿರುವ ಕಟ್ಟಡದಲ್ಲಿ ಸುಟ್ಟ ಇಟ್ಟಿಗೆ, ಒಡೆದ ಕಲ್ಲು, ಕಡಿದ ಮರ ಎಲ್ಲವೂ ಈಗಾಗಲೇ ಖರ್ಚಾಗಿ ಕೂತಿವೆ. ಅದನ್ನು ಬಳಸುವುದಕ್ಕಿಂತ ಪರಿಸರಕ್ಕೆ ಹಗುರವಾದ ದಾರಿ ಬೇರೆ ಇಲ್ಲ.

ನಂತರ ಮಕ್ಕಳನ್ನು ಕೇಳಿ, ಆದರೆ ಸಭೆ ಕರೆದು ಕೇಳಬೇಡಿ. ಸಭೆಯಲ್ಲಿ ಮಕ್ಕಳು ಮೇಷ್ಟರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ. ಆವರಣದ ನಕ್ಷೆಯ ಪ್ರತಿಗಳನ್ನು ತರಗತಿಗಳಿಗೆ ಹಂಚಿ, ತಾವು ಬಿಡುವಿನಲ್ಲಿ ಕೂರುವ ಜಾಗಕ್ಕೆ ಹಸಿರು ಚುಕ್ಕಿ, ಹೋಗಲು ಹೆದರುವ ಜಾಗಕ್ಕೆ ಕೆಂಪು ಚುಕ್ಕಿ ಇಡಲು ಹೇಳಿ. ಹೆಸರು ಬರೆಸಬೇಡಿ. ಒಂದು ವಾರ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಯಾರು ಎಲ್ಲಿ ಗುಂಪುಗೂಡುತ್ತಾರೆಂದು ನೀವೂ ನೋಡಿ ಗುರುತು ಹಾಕಿ. ಒಂಟಿಯಾಗಿ ಕೂರುವ ಮಗು ಎಲ್ಲಿ ಕೂರುತ್ತದೆ ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ಹೊಸದಾಗಿ ಸೇರಿದ ಐದನೇ ತರಗತಿಯ ಹುಡುಗನೂ ಹತ್ತನೇ ತರಗತಿಯ ಹುಡುಗಿಯೂ ಬೇರೆ ಬೇರೆ ಜಾಗ ಹುಡುಕುತ್ತಾರೆ. ಅಡುಗೆಯವರು, ಕಾವಲುಗಾರರು, ವಾರ್ಡನ್ ಇವರನ್ನೂ ಮಾತಾಡಿಸಿ. ಮಕ್ಕಳು ಮಳೆಯಲ್ಲಿ ಎಲ್ಲಿ ನಿಲ್ಲುತ್ತಾರೆಂಬುದು ಆಡಳಿತ ಮಂಡಳಿಗಿಂತ ಇವರಿಗೆ ಚೆನ್ನಾಗಿ ಗೊತ್ತು.

ಹಳೆಯ ಆವರಣವನ್ನು ಓದಿಕೊಳ್ಳಿ

ಈ ಹೆಜ್ಜೆಗೆ ಸಮಯ ಕೊಡಿ. ಹೆಚ್ಚಿನ ಹಾನಿ ಆಗುವುದು ಇದನ್ನು ದಾಟಿ ಹೋದಾಗ.

ಇಡೀ ಆವರಣದ ಅಳತೆಯ ನಕ್ಷೆ ಮಾಡಿಸಿ. ಗೋಡೆಗಳಷ್ಟೇ ಅಲ್ಲ, ನೆಲದ ಏರುತಗ್ಗು, ಹಳೆಯ ಕಲ್ಲಿನ ಚರಂಡಿ, ಬಾವಿ, ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಪ್ರತಿ ಮರದ ಬುಡ ಮತ್ತು ಅದರ ಕೊಂಬೆ ಹರಡಿದ ವ್ಯಾಪ್ತಿ ಎಲ್ಲವೂ ಅದರಲ್ಲಿರಲಿ. ಕಚೇರಿಯ ಕಪಾಟಿನಲ್ಲಿ ಹಳೆಯ ಗುಂಪು ಫೋಟೋಗಳಿರುತ್ತವೆ. ಮಕ್ಕಳ ಹಿಂದೆ ಕಾಣುವ ಕಟ್ಟಡವನ್ನು ನೋಡಿ. ಯಾವ ಜಗಲಿಗೆ ಆಮೇಲೆ ಗೋಡೆ ಕಟ್ಟಿ ಮುಚ್ಚಿದರು, ಯಾವ ಹೆಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕಿದರು ಎಂಬುದು ಅಲ್ಲಿ ಸಿಗುತ್ತದೆ.

ಗೋಡೆ ಯಾವುದರದು ಎಂದು ತಿಳಿಯಿರಿ. ಸಂದಿಯನ್ನು ಚಾಕುವಿನ ತುದಿಯಿಂದ ಕೆರೆದಾಗ ಬೆಳ್ಳಗೆ ಪುಡಿ ಉದುರಿದರೆ ಅದು ಸುಣ್ಣದ ಗಾರೆ. ಸುಣ್ಣದ ಗಾರೆಯ ಗೋಡೆ ತೇವವನ್ನು ಒಳಗೆ ಎಳೆದುಕೊಂಡು ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ಆ ದಾರಿ ಮುಚ್ಚಿಹೋಗಿ ನೀರು ಒಳಗೇ ನಿಲ್ಲುತ್ತದೆ, ಉಪ್ಪು ಮೇಲೇರುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ, ಕೊನೆಗೆ ಕಲ್ಲು ಇಟ್ಟಿಗೆಯೇ ಸವೆಯುತ್ತದೆ. ಹೊಸ ಕೇಂದ್ರದ ಕೆಲಸ ನಡೆಯುವಾಗ "ಹೇಗೂ ಮೇಸ್ತ್ರಿ ಇದ್ದಾರೆ, ಹಳೆಯದಕ್ಕೂ ಒಂದು ಕೈ ಸಿಮೆಂಟ್ ಬಳಿಸೋಣ" ಎನ್ನುವವರು ಬಂದೇ ಬರುತ್ತಾರೆ. ಒಪ್ಪಬೇಡಿ. ಹಳೆಯ ಗೋಡೆಗೆ ಸುಣ್ಣ, ಮರಳು, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಬೆರೆಸಿದ ಗಾರೆಯೇ ಮದ್ದು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಅರೆಯುವ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ. ಹುಡುಕಿ ಕರೆಸಿ, ಜೊತೆಗೆ ಇಬ್ಬರು ಕಿರಿಯರನ್ನು ಕಲಿಯಲು ನಿಲ್ಲಿಸಿ.

ಹೊಸ ಕಟ್ಟಡ ಹಳೆಯದರ ನಕಲಾಗಿರಬೇಕೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಏಳುತ್ತದೆ. ಪರಂಪರೆಯ ಕಟ್ಟಡಗಳ ಬಗ್ಗೆ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ: ಸೇರಿಸಿದ್ದು ತನ್ನ ಕಾಲದ್ದೆಂದು ಗುರುತಾಗಲಿ, ಹಳೆಯದರ ಸಮತೋಲವನ್ನು ಮಾತ್ರ ಕೆಡಿಸದಿರಲಿ. ಸಿಮೆಂಟಿನಲ್ಲಿ ಅಚ್ಚು ಹಾಕಿದ ಸುಳ್ಳು ಕಮಾನು ಬೇಡ. ಹಳೆಯದರ ಅಳತೆಯನ್ನು ಹಿಡಿಯಿರಿ: ಕಂಬದಿಂದ ಕಂಬಕ್ಕೆ ಎಷ್ಟು ದೂರ, ಮಾಡಿನ ಇಳಿಜಾರು ಎಷ್ಟು, ಸೂರು ಎಷ್ಟು ಎತ್ತರದಲ್ಲಿದೆ, ಕಟ್ಟೆಗೆ ಎಷ್ಟು ಮೆಟ್ಟಿಲು. ಈ ನಾಲ್ಕು ಹೊಂದಿದರೆ ಹೊಸ ಗೋಡೆ ಬೇರೆ ಬಣ್ಣದ್ದಾದರೂ ಕಣ್ಣಿಗೆ ಚುಚ್ಚುವುದಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ವಿಜಯಪುರ, ಬೀದರ್, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಇದನ್ನು ಎಲ್ಲಕ್ಕೂ ಮೊದಲು ನೋಡಿಕೊಳ್ಳಿ. ಮರ ಕಡಿಯುವ ಮಾತು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಆ ಮಾತು ಬಾರದಂತೆ ನಕ್ಷೆ ಮಾಡುವುದು ಮೇಲು.

ಜಾಗ

ಮುಖ್ಯ ಕಟ್ಟಡದ ಎದುರು ಬೇಡ, ಅಂಗಳದೊಳಗೆ ಬೇಡವೇ ಬೇಡ. ಅಂಗಳ ಖಾಲಿ ಕಂಡರೂ ಅದೇ ಶಾಲೆಯ ಅತ್ಯಂತ ಹಳೆಯ ಕೋಣೆ. ನಿಲಯಕ್ಕೂ ಊಟದ ಮನೆಗೂ ನಡುವೆ ಮಕ್ಕಳು ದಿನಕ್ಕೆ ಹಲವು ಬಾರಿ ಓಡಾಡುವ ದಾರಿಯ ಪಕ್ಕ ಜಾಗ ಹುಡುಕಿ. ದೂರದ ಮೂಲೆಯಲ್ಲಿ ಕಟ್ಟಿದ ಕೇಂದ್ರಕ್ಕೆ ಬೀಗ ಬೀಳುತ್ತದೆ. ವಾರ್ಡನ್ ಕೋಣೆಯಿಂದ ಜಗಲಿ ಕಾಣಬೇಕು, ಆದರೆ ಒಳಗಿನ ಪ್ರತಿ ಮಾತು ಕೇಳಿಸಬಾರದು.

ಮರದ ಕೊಂಬೆ ಹರಡಿದಷ್ಟು ನೆಲದ ಕೆಳಗೆ ಬೇರು ಇದೆಯೆಂದು ಭಾವಿಸಿ, ಅದರ ಹೊರಗೆ ಪಾಯ ತೆಗೆಯಿರಿ. ಬೇರು ಅದಕ್ಕಿಂತಲೂ ದೂರ ಹೋಗಿರುವುದುಂಟು. ಹಳೆಯ ಕಟ್ಟಡಕ್ಕೆ ಅಂಟಿಸಿ ಕಟ್ಟಬೇಡಿ. ಎರಡರ ಪಾಯವೂ ಬೇರೆ ಬೇರೆಯಾಗಿ ಕೂರುವುದರಿಂದ ಸೇರಿದಲ್ಲಿ ಬಿರುಕು ಬಿಟ್ಟು ನೀರು ಇಳಿಯುತ್ತದೆ. ನಡುವೆ ನಾಲ್ಕೈದು ಮೀಟರ್ ಬಿಟ್ಟು, ಬೇಕಿದ್ದರೆ ಹಗುರವಾದ ಒಂದು ಮಾಡಿನಿಂದ ದಾರಿ ಜೋಡಿಸಿ. ನಾಳೆ ಬೇಡವೆನಿಸಿದರೆ ಹಳೆಯ ಗೋಡೆಗೆ ಗಾಯವಾಗದಂತೆ ಬಿಚ್ಚಬಹುದು.

ಮಣ್ಣು ನೋಡದೆ ಜಾಗ ಗಟ್ಟಿ ಮಾಡಬೇಡಿ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಕೆಂಪು ಮಣ್ಣು, ಪೂರ್ವಕ್ಕೆ ಎರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೇಲಿನ ಗೋಡೆಯನ್ನೂ ಜೊತೆಗೆ ಸೀಳುತ್ತದೆ. ಎರೆ ತೆಳ್ಳಗಿದ್ದರೆ ಪೂರ್ತಿ ತೆಗೆದು ಗರಸು, ಅಂದರೆ ಹರಳು ಬೆರೆತ ಗಟ್ಟಿ ಮಣ್ಣು, ತುಂಬಿ ದಮ್ಮಸ್ಸು ಮಾಡಬಹುದು. ಆಳವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ ಎಂಜಿನಿಯರ್ ಹೇಳಿದ ಪಾಯವನ್ನೇ ಹಾಕಿ. ಇಲ್ಲಿ ಹಣ ಉಳಿಸಬೇಡಿ.

ಎಷ್ಟು ದೊಡ್ಡದು?

ಮುನ್ನೂರು ಮಕ್ಕಳೂ ಒಟ್ಟಿಗೆ ಬರುವುದಿಲ್ಲ. ಮಳೆಯ ಭಾನುವಾರದಂದು ಮೂರನೇ ಒಂದು ಭಾಗ ಬಂದರು ಎನ್ನಿ, ನೂರು ಮಕ್ಕಳು. ಕೂತು, ಆಡಿ, ಓಡಾಡಲು ಒಬ್ಬರಿಗೆ ಒಂದೂವರೆ ಚದರ ಮೀಟರ್ ಹಿಡಿದರೆ 150 ಚದರ ಮೀಟರ್. ಚಿಕ್ಕ ಕೋಣೆಗಳಿಗೆ 50. ಒಟ್ಟು 200 ಚದರ ಮೀಟರ್, ಅಂದರೆ ಸುಮಾರು 2,150 ಚದರ ಅಡಿ. ಒಂದೇ ಅಂತಸ್ತು ಸಾಕು. ಇದರಲ್ಲಿ 80 ಚದರ ಮೀಟರಿನಷ್ಟು ಜಗಲಿಯಾಗಿರಲಿ. ಜಗಲಿಗೆ ಕಿಟಕಿ ಬೇಡ, ಫ್ಯಾನು ಬಹುತೇಕ ಬೇಡ, ಕಟ್ಟುವ ಖರ್ಚೂ ಕಡಿಮೆ. ಮಕ್ಕಳು ಹೆಚ್ಚು ಹೊತ್ತು ಕೂರುವುದೂ ಅಲ್ಲೇ.

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ವಾಸ್ತುಶಿಲ್ಪಿ ಬಾಲಕೃಷ್ಣ ದೋಷಿ ಅಲ್ಲಿ ಕಲ್ಲಿನ ಉದ್ದನೆಯ ಓಣಿಗಳನ್ನು ಮಾಡಿ, ಕೆಲವೆಡೆ ಮೇಲೆ ಬರಿಯ ತೊಲೆಗಳ ಚಪ್ಪರ ಬಿಟ್ಟರು. ತರಗತಿಯಿಂದ ತರಗತಿಗೆ ಹೋಗುವ ಆ ಓಣಿಗಳಲ್ಲೇ ವಿದ್ಯಾರ್ಥಿಗಳು ನಿಲ್ಲುತ್ತಾರೆ, ಕೂರುತ್ತಾರೆ, ವಾದ ಮಾಡುತ್ತಾರೆ. ಅಗಲವಾದ ಓಣಿ, ಕೂರಲು ತಗ್ಗಿನ ಕಟ್ಟೆ, ಬೀಳುವ ಬೆಳಕು ಇಷ್ಟರಿಂದಲೇ ಅದು ಸಾಧ್ಯವಾಗಿದೆ.

ಒಳಗೆ ಬೇಕಾದದ್ದು: ಕೇರಂ, ಚೆಸ್, ಪತ್ರಿಕೆ, ಸಣ್ಣ ನಾಟಕದ ತಾಲೀಮು ಎಲ್ಲಕ್ಕೂ ಒಗ್ಗುವ ಒಂದು ಹಜಾರ, ಮನೆಯವರು ಬಂದಾಗ ಕೂತು ಉಣ್ಣಲು ಒಂದು ಕೋಣೆ, ಅಲ್ಲೇ ಕೈ ತೊಳೆಯುವ ನಲ್ಲಿ, ಮನೆಗೆ ಫೋನ್ ಮಾಡಲು ಬಾಗಿಲಿರುವ ಪುಟ್ಟ ಕೋಣೆ, ಆಪ್ತಸಮಾಲೋಚಕರಿಗೆ ಒಂದು ಕೋಣೆ, ಶೌಚಾಲಯ. ಫೋನಿನ ಕೋಣೆಯನ್ನು ಬಿಡಬೇಡಿ. ಊರಿನ ನೆನಪಾಗಿ ಅಳುವ ಮಗು ಸಾಲಿನಲ್ಲಿ ನಿಂತ ಇಪ್ಪತ್ತು ಜನರ ಎದುರು ಅವ್ವನ ಜೊತೆ ಮಾತಾಡಬೇಕಾದ ಸ್ಥಿತಿ ಯಾವ ಶಾಲೆಯಲ್ಲೂ ಇರಬಾರದು.

ಬಿಸಿಲು, ಗಾಳಿ, ಇರಚಲು

ಹವಾನಿಯಂತ್ರಣವಿಲ್ಲದೆ ತಂಪಾಗಿರಬೇಕಾದರೆ ಸೂರ್ಯನ ಲೆಕ್ಕ ತಿಳಿದಿರಬೇಕು. ಧಾರವಾಡ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವೆ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ, ಉಳಿದ ತಿಂಗಳಲ್ಲಿ ದಕ್ಷಿಣಕ್ಕೆ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ.

ಹಾಗಾಗಿ ಕಟ್ಟಡದ ಉದ್ದ ಪೂರ್ವಪಶ್ಚಿಮಕ್ಕೆ ಇರಲಿ, ದೊಡ್ಡ ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ. ದಕ್ಷಿಣದ ಕಿಟಕಿಯ ಮೇಲೆ 60 ಸೆಂಟಿಮೀಟರ್ ಹೊರಚಾಚಿದ ಸಜ್ಜ ಇದ್ದರೆ ಮಾರ್ಚ್ 21ರ ಮಧ್ಯಾಹ್ನ ಅದರ ಕೆಳಗಿನ ಎರಡು ಮೀಟರಿಗೂ ನೆರಳು. ಡಿಸೆಂಬರಿನಲ್ಲಿ ಅದೇ ಸಜ್ಜದ ನೆರಳು 75 ಸೆಂಟಿಮೀಟರಿಗೆ ನಿಂತು, ಕಿಟಕಿಯ ಕೆಳಭಾಗದಿಂದ ಬೆಚ್ಚನೆಯ ಬಿಸಿಲು ಒಳಗೆ ಬರುತ್ತದೆ. ಚಳಿಗಾಲದ ಧಾರವಾಡದಲ್ಲಿ ಅದು ಬೇಕಾದದ್ದೇ. ಪೂರ್ವಪಶ್ಚಿಮದಲ್ಲಿ ಸೂರ್ಯ ತಗ್ಗಿನಲ್ಲಿರುವುದರಿಂದ ಸಜ್ಜ ಕೆಲಸಕ್ಕೆ ಬಾರದು. ಅಲ್ಲಿ ಜಗಲಿ, ಜಾಲಂದ್ರ, ಮರ ಇವೇ ಗತಿ.

ಪಶ್ಚಿಮದ ಜಗಲಿಗೆ ಇನ್ನೊಂದು ಕೆಲಸವಿದೆ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸಿ ಮಳೆಯನ್ನು ಓರೆಯಾಗಿ ಹೊಡೆಯುತ್ತದೆ. ಎರಡೂವರೆ ಮೀಟರ್ ಅಗಲದ ಜಗಲಿ ಆ ಇರಚಲನ್ನು ಗೋಡೆಗೆ ಬಿಡದೆ ತಡೆಯುತ್ತದೆ. ಮಳೆ ಬರುವಾಗ ಜಗಲಿಯ ಹೊರ ಅಂಚು ನೆನೆಯುವುದರಿಂದ ಅಲ್ಲಿ ಜಾರದ ಒರಟು ಕಲ್ಲು ಹಾಸಿ, ಕೂರುವ ಕಟ್ಟೆಯನ್ನು ಗೋಡೆಯ ಕಡೆಗೆ ಮಾಡಿ.

ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗಬೇಕು. ಎದುರುಬದಿರು ಕಿಟಕಿ ಇಡಿ. ಬಿಸಿಯಾದ ಗಾಳಿ ಮೇಲೇರುವುದರಿಂದ ಮಾಡಿನ ನೆತ್ತಿಯಲ್ಲಿ ಅಥವಾ ಗೋಡೆಯ ತುದಿಯಲ್ಲಿ ಜಾಲರಿ ಬಿಗಿದ ಕಿಂಡಿಗಳಿರಲಿ. ಹಕ್ಕಿಗೂಡು ಕಟ್ಟದಂತೆ, ಬಾವಲಿ ಸೇರದಂತೆ ಜಾಲರಿ ಒಳಗಡೆಯಿಂದ ಬಿಚ್ಚಿ ತೊಳೆಯುವಂತಿರಬೇಕು.

ಕಲಬುರಗಿ, ರಾಯಚೂರಿನ ಕಡೆಯವರು ಈ ಜಗಲಿಯ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. 40 ಡಿಗ್ರಿ ದಾಟುವ ಊರಲ್ಲಿ ಹಗಲಿನ ಗಾಳಿಯೇ ಬೆಂಕಿ. ಅಲ್ಲಿ ದಪ್ಪ ಗೋಡೆ, ಚಿಕ್ಕ ಕಿಟಕಿ, ಹಗಲು ಮುಚ್ಚಿ ರಾತ್ರಿ ತೆರೆಯುವ ಪದ್ಧತಿ ಸರಿ. ಮಲೆನಾಡು ಕರಾವಳಿಯವರಿಗೆ ಕಡಿದಾದ ಮಾಡು, ಉದ್ದ ಸೂರು, ಎತ್ತರದ ಪಾಯ ಮುಖ್ಯ. ತೇವ ಆರಲು ಗಾಳಿ ಸದಾ ಆಡುತ್ತಿರಬೇಕು.

ಗೋಡೆ, ಮಾಡು, ನೆಲ

ಪಾಯಕ್ಕೆ ಅಗೆದ ಮಣ್ಣನ್ನೇ ಗೋಡೆಗೆ ಬಳಸಬಹುದೇ ಎಂದು ಮೊದಲು ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹುಟ್ಟುಹಾಕಿದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದಲ್ಲಿ, ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕೆಲಸ ಮಾಡಿದ್ದಾರೆ. ಮಣ್ಣು, ಮರಳು, ಶೇಕಡ 7ರ ಆಸುಪಾಸು ಸಿಮೆಂಟ್ ಸೇರಿಸಿ ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಹಾಕಿ ಹದ ಮಾಡಿದರೆ ಆಯಿತು. ಗೂಡು ಸುಡುವುದಿಲ್ಲ, ಸೌದೆ ಬೇಕಿಲ್ಲ.

ಮಣ್ಣಿನ ಪ್ರಾಥಮಿಕ ಪರೀಕ್ಷೆಯನ್ನು ಶಾಲೆಯ ಮಕ್ಕಳೇ ಮಾಡಬಹುದು. ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಮಣ್ಣು ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡದಂತೆ ಇಡಿ. ಮರಳು ತಳದಲ್ಲಿ, ಸಣ್ಣ ಹುಡಿ ನಡುವೆ, ಜೇಡಿ ಮೇಲೆ ಪದರವಾಗಿ ಕೂರುತ್ತವೆ. ಮರಳಿನ ಪದರ ಅರ್ಧಕ್ಕಿಂತ ಚೆನ್ನಾಗಿ ಹೆಚ್ಚಿದ್ದರೆ ಇಟ್ಟಿಗೆಗೆ ಆಗುತ್ತದೆ, ಕಡಿಮೆಯಿದ್ದರೆ ಮರಳು ಬೆರೆಸಬೇಕು. ಎರೆಮಣ್ಣು ಈ ಕೆಲಸಕ್ಕಲ್ಲ. ಆಮೇಲೆ ಮಾದರಿ ಇಟ್ಟಿಗೆಗಳನ್ನು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸಿ, ನೆನೆಸಿದ ಸ್ಥಿತಿಯಲ್ಲಿ ಎಷ್ಟು ಭಾರ ತಡೆಯುತ್ತವೆಂದು ಪರೀಕ್ಷೆ ಮಾಡಿಸಿ. ಒಣಗಿದಾಗಿನ ಅಂಕಿಯನ್ನು ನಂಬಿ ಮುಂದುವರಿಯಬೇಡಿ.

ಸುಟ್ಟ ಇಟ್ಟಿಗೆಯನ್ನೇ ಬಳಸಬೇಕಾಗಿ ಬಂದರೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ರ‍್ಯಾಟ್ ಟ್ರ್ಯಾಪ್ ಕಟ್ಟಡ ಕ್ರಮವಿದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದರಿಂದ ಗೋಡೆಯೊಳಗೆ ಪೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ, ಶಾಖವೂ ಒಳಗೆ ಇಳಿಯುವುದು ನಿಧಾನ. ಬೆಳಗಾವಿಯ ಪಶ್ಚಿಮ ಭಾಗದವರಿಗೂ ಕರಾವಳಿಯವರಿಗೂ ಕೆಂಪು ಕಲ್ಲು ಹತ್ತಿರದಲ್ಲೇ ಸಿಗುತ್ತದೆ. ಹತ್ತಿರ ಸಿಕ್ಕಿದ್ದೇ ಮೊದಲ ಆಯ್ಕೆ.

ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ನಮ್ಮ ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳ ತಲೆಯ ಮೇಲೆಲ್ಲ ಕೂತಿತು. ಒಡೆದ ಒಂದನ್ನು ತೆಗೆದು ಇನ್ನೊಂದು ಇಟ್ಟರೆ ರಿಪೇರಿ ಮುಗಿಯಿತು. ಇಷ್ಟು ಸುಲಭದ ಮಾಡು ಬೇರೆ ಇಲ್ಲ. ಕೆಡವುತ್ತಿರುವ ಹಳೆಯ ಮನೆಗಳಿಂದ ಹೆಂಚು, ತೊಲೆ, ಬಾಗಿಲು ಕೊಳ್ಳಬಹುದು. ಹೆಂಚನ್ನು ಬೆರಳಿಂದ ತಟ್ಟಿ ನೋಡಿ ಆರಿಸಿ, ಬಿರುಕಿದ್ದರೆ ದನಿ ಕುಂದುತ್ತದೆ. ಹೆಂಚಿನ ಕೆಳಗೆ ಇನ್ನೊಂದು ಪದರ ಒಳಹೆಂಚು ಹಾಕಿದರೆ ನಡುವಿನ ಗಾಳಿ ಬೇಗೆಯನ್ನು ತಡೆಯುತ್ತದೆ. ಹೆಂಚಿನ ಮೇಲೆ ಮಂಗಗಳು ಓಡಾಡುವ ಊರಾದರೆ ಫಿಲ್ಲರ್ ಸ್ಲ್ಯಾಬ್ ಹಾಕಿ: ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟು ವ್ಯರ್ಥವಾಗುವ ಕಡೆ ಹಳೆಯ ಹೆಂಚುಗಳನ್ನು ಜೋಡಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಒಳಗಿನಿಂದ ನೋಡಲೂ ಚೆಂದ.

ನೆಲಕ್ಕೆ ಶಹಾಬಾದ್ ಕಲ್ಲು ಅಥವಾ ಕೆಂಪು ಆಕ್ಸೈಡ್. ಹೊಳೆಯುವ ಟೈಲ್ಸ್ ಬೇಡ, ಒದ್ದೆ ಕಾಲಿನ ಮಕ್ಕಳು ಜಾರಿ ಬೀಳುತ್ತಾರೆ.

ನೀರು ಮತ್ತು ಕರೆಂಟು

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಮಾಡು, ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ ಹಿಡಿದರೆ 1,60,000 ಲೀಟರ್. ಸೋರಿಕೆ, ಆವಿ, ಮೊದಲ ಮಳೆಯ ಕೊಳೆನೀರು ಕಳೆದರೂ 1,30,000 ಲೀಟರ್ ಕೈಗೆ ಬರುತ್ತದೆ. ಕೈಕಾಲು ತೊಳೆಯಲು, ಕುಡಿಯಲು ಮಗುವೊಂದಕ್ಕೆ ದಿನಕ್ಕೆ ಐದು ಲೀಟರ್ ಎಂದರೆ ಮುನ್ನೂರು ಮಕ್ಕಳಿಗೆ 1,500. ಮೂವತ್ತು ಸಾವಿರ ಲೀಟರಿನ ಸಂಪು ತುಂಬಿದ್ದರೆ ಇಪ್ಪತ್ತು ದಿನದ ನೀರು. ಇದಕ್ಕಿಂತ ದೊಡ್ಡ ಸಂಪಿಗೆ ಹಣ ಸುರಿಯುವ ಬದಲು ಉಕ್ಕಿದ ನೀರನ್ನು ಸೋಸಿ ಹಳೆಯ ಬಾವಿಗೆ ಬಿಡಿ. ಕಸ ತುಂಬಿ ಮುಚ್ಚಿದ ಬಾವಿಯ ಹೂಳು ತೆಗೆಸಿ, ಕಟ್ಟೆ ಗಟ್ಟಿ ಮಾಡಿ, ಮೇಲೆ ಕಬ್ಬಿಣದ ಜಾಲರಿ ಬಿಗಿದರೆ ಶಾಲೆಯ ಪರಂಪರೆಯ ಒಂದು ತುಂಡು ಮತ್ತೆ ಕೆಲಸಕ್ಕೆ ಬಂದಂತೆ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸದೆ ಮಕ್ಕಳಿಗೆ ಕೊಡಬೇಡಿ. ಕೈ ತೊಳೆದ ನೀರು ಬಾಳೆ, ಕರಿಬೇವಿನ ಪಾತಿಗೆ ಹೋಗಲಿ.

ಕರೆಂಟಿನ ಲೆಕ್ಕವೂ ಸರಳ. ಕಡಿಮೆ ಕರೆಂಟು ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹತ್ತು, ದಿನಕ್ಕೆ ಎಂಟು ಗಂಟೆ: 2.4 ಯೂನಿಟ್. ಹತ್ತು ವ್ಯಾಟಿನ ಮೂವತ್ತು ಎಲ್‌ಇಡಿ, ಐದು ಗಂಟೆ: 1.5 ಯೂನಿಟ್. ನಾಲ್ಕಾರು ಕಂಪ್ಯೂಟರ್ ಸೇರಿಸಿದರೂ ದಿನಕ್ಕೆ ಆರು ಯೂನಿಟ್ ದಾಟದು. ಒಂದು ಕಿಲೋವ್ಯಾಟ್ ಸೌರಫಲಕದಿಂದ ನಮ್ಮಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುವುದರಿಂದ ಎರಡು ಕಿಲೋವ್ಯಾಟ್ ಸಾಕು. ನೆರಳಾಗಿ ಕಟ್ಟಿದ್ದರ ಲಾಭ ಇಲ್ಲಿ ಕಾಣುತ್ತದೆ. ಫಲಕಗಳನ್ನು ಹಳೆಯ ಹೆಂಚಿನ ಮೇಲೆ ಏರಿಸಬೇಡಿ, ಹಿಂಬದಿಯ ನಿಲಯದ ತಾರಸಿಯ ಮೇಲೆ ಇಡಿ.

ಎಲ್ಲ ಮಕ್ಕಳಿಗೂ

ಹಳೆಯ ಕಟ್ಟಡಗಳ ಎತ್ತರದ ಕಟ್ಟೆ ಗಾಲಿಕುರ್ಚಿಯ ಮಗುವಿಗೆ ಗೋಡೆಯೇ ಸರಿ. ಹೊಸದು ಹಾಗಾಗಬಾರದು. 45 ಸೆಂಟಿಮೀಟರ್ ಎತ್ತರದ ಕಟ್ಟೆಗೆ 1:12ರ (ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದದ) ಇಳಿಜಾರು ದಾರಿ ಎಂದರೆ 5.4 ಮೀಟರ್ ಉದ್ದ. ಇದನ್ನು ಹಿಂಬದಿಯಲ್ಲಿ ಅಲ್ಲ, ಎಲ್ಲರೂ ನಡೆಯುವ ಮುಖ್ಯ ದಾರಿಯಾಗಿಯೇ ಮಾಡಿ. ಎರಡೂ ಬದಿಗೆ ಹಿಡಿಕೆ, ಒಂದು ಶೌಚಾಲಯದಲ್ಲಿ ಗಾಲಿಕುರ್ಚಿ ತಿರುಗುವಷ್ಟು ಜಾಗ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಕೇಳುತ್ತದೆ. ಹಜಾರಕ್ಕೆ ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯಲಿ. ಕಣ್ಣಿಗೆ ಬೀಳದ ಮೂಲೆಗಳು ಬೇಡ. ಆಪ್ತಸಮಾಲೋಚಕರ ಕೋಣೆಯ ಬಾಗಿಲಿಗೂ ಗಾಜಿನ ಒಂದು ಕಿಂಡಿ ಇರಬೇಕು.

ಕೆಲಸದ ಕಾಲ

ಶಾಲೆಯ ವರ್ಷವನ್ನೂ ಮಳೆಯನ್ನೂ ಒಟ್ಟಿಗೆ ನೋಡಿ ದಿನ ಗೊತ್ತು ಮಾಡಿ. ಮಳೆಗಾಲದಲ್ಲಿ ಸಮೀಕ್ಷೆ, ನಕ್ಷೆ, ಅನುಮತಿ. ದೀಪಾವಳಿ ಕಳೆದ ಮೇಲೆ ಮಣ್ಣಿನ ಇಟ್ಟಿಗೆ ಒತ್ತಲು ಶುರು. ಜನವರಿಯಲ್ಲಿ ಪಾಯ, ಫೆಬ್ರವರಿ ಮಾರ್ಚಿನಲ್ಲಿ ಗೋಡೆ. ಏಪ್ರಿಲ್ ಮೇ ರಜೆಯಲ್ಲಿ ಮಾಡು, ಏಕೆಂದರೆ ಭಾರ ಎತ್ತುವ ಅಪಾಯದ ಕೆಲಸಕ್ಕೆ ಮಕ್ಕಳಿಲ್ಲದ ಕಾಲವೇ ಸರಿ. ಜೂನ್ ಮೊದಲ ವಾರಕ್ಕೆ ಹೆಂಚು ಕೂತಿರಬೇಕು. ಒಳಗಿನ ಕೆಲಸ ಮಳೆಯಲ್ಲೂ ನಡೆಯುತ್ತದೆ.

ಗುತ್ತಿಗೆ ಪತ್ರದಲ್ಲಿ ಎರಡು ಮಾತು ಬರೆಸಿ. ಮೊದಲಿಗೆ ಒಂದು ಮೀಟರ್ ಉದ್ದದ ಮಾದರಿ ಗೋಡೆ ಕಟ್ಟಿ ತೋರಿಸಬೇಕು, ಅದು ಒಪ್ಪಿಗೆಯಾದ ಮೇಲೆಯೇ ಮುಂದಿನ ಕೆಲಸ. ಮರಗಳ ಬುಡದ ಸುತ್ತ ಬೇಲಿ ಹಾಕಬೇಕು, ಒಳಗೆ ಜಲ್ಲಿ ಸುರಿಯುವುದು, ಸಿಮೆಂಟ್ ಕಲಸುವುದು ಕೂಡದು. ಮೇಸ್ತ್ರಿಗಳ ಬಳಿ ಮಕ್ಕಳನ್ನು ಕರೆದೊಯ್ಯಿರಿ. ಗಾರೆ ಅರೆಯುವುದನ್ನು, ದಾರ ಹಿಡಿದು ಮಟ್ಟ ನೋಡುವುದನ್ನು ಕಣ್ಣಾರೆ ಕಂಡ ಮಗು ಆ ಗೋಡೆಗೆ ಕಾಂಪಾಸಿನಿಂದ ಹೆಸರು ಕೆತ್ತುವುದಿಲ್ಲ.

ತೆರೆದ ಮೇಲೆ

ಕೂಡಿಸಿದ ಹಣವನ್ನೆಲ್ಲ ಕಟ್ಟಡಕ್ಕೇ ಸುರಿಯಬೇಡಿ. ಹತ್ತನೇ ಒಂದು ಭಾಗವನ್ನು ಶಾಲೆಯ ಹೆಸರಿನಲ್ಲಿ ಠೇವಣಿ ಇಟ್ಟು, ಬಡ್ಡಿಯನ್ನು ದುರಸ್ತಿಗೆ ಮಾತ್ರ ಬಳಸುವಂತೆ ಠರಾವು ಮಾಡಿ. ಪ್ರತಿ ಮೇ ತಿಂಗಳಲ್ಲಿ ಹೆಂಚು ತಿರುಗಿಸುವುದು, ದೋಣಿ ಪೈಪು ಶುಚಿ ಮಾಡುವುದು, ಗೆದ್ದಲು ನೋಡುವುದು, ಸಂಪು ತೊಳೆಯುವುದು ಆಗಬೇಕು. ಇದರ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ಯಾವ ಹೆಂಚು ಯಾವ ಕಾರ್ಖಾನೆಯದು, ಗಾರೆಯ ಪ್ರಮಾಣ ಎಷ್ಟು, ಪೈಪು ಎಲ್ಲಿ ಹಾದಿದೆ ಎಂಬ ನಕ್ಷೆಯ ಜೊತೆ ಗೋಡೆಗೆ ತೂಗುಹಾಕಿ.

ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದನ್ನು ಮಕ್ಕಳ ಸಮಿತಿಯೂ ವಾರ್ಡನ್ನರೂ ಕೂತು ನಿರ್ಧರಿಸಲಿ. ಸಮಿತಿಯಲ್ಲಿ ಪ್ರತಿ ತರಗತಿಯಿಂದ ಒಬ್ಬರಿರಲಿ, ಕಿರಿಯರ ಮತಕ್ಕೂ ಹಿರಿಯರ ಮತದಷ್ಟೇ ತೂಕವಿರಲಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಮೊದಲಿನಂತೆಯೇ ನಕ್ಷೆಯ ಪ್ರತಿ ಹಂಚಿ ಹಸಿರು ಕೆಂಪು ಚುಕ್ಕಿ ಹಾಕಿಸಿ. ಕೆಂಪು ಬಿದ್ದ ಕಡೆ ದೀಪ ಬೇಕೋ, ಬೆಂಚು ಬೇಕೋ, ಕಿಟಕಿ ಬೇಕೋ ನೋಡಿ ಸರಿಪಡಿಸಲು ಅಂದಾಜು ಪಟ್ಟಿಯಲ್ಲೇ ಶೇಕಡ ಐದರಷ್ಟು ಹಣ ಎತ್ತಿಡಿ.